ಸುಮಿತ್ರಮ್ಮನ ಬಾಣಂತನ

ಮಹಾರಾಜರ ಕಾಲದ ಅರಸೀಕೆರೆಯಲ್ಲಿ ಹೆರಿಗೆ ಮಾಡಿಸುವ ಹೆಂಗಸರು ಕೇರಿಗೊಬ್ಬರಂತೆ ಇದ್ದರು. ಬಾಣಂತನ ಅಂದರೆ ಮಾತ್ರ ಒಂದೇ ಹೆಸರು: ಕೊಬ್ಬರಿ ಮಂಡಿ ಚನ್ನಬಸವಯ್ಯನವರ ಹೆಂಡತಿ ಸುಮಿತ್ರಮ್ಮ. "ಹೆರೋದೇನು ದೊಡ್ಡದು, ಬೆಕ್ಕೂ ಹೆರುತ್ತೆ. ಹೆತ್ತ ಮೈನ ಮತ್ತೆ ಕಟ್ಟಿ ನಿಲ್ಲಿಸೋದೈತಲ್ಲ, ಅದು ಕಣ್ರೀ ವಿದ್ಯೆ" ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ಹಾಗೆ ಹೇಳುವಾಗ ಅವಳ ಮೂಗುಬಟ್ಟಿನ ಹರಳು ಕೂಡ ತುಸು ಜಾಸ್ತಿಯೇ ಹೊಳೆಯುತ್ತಿತ್ತು.

ಜಂಬ ಇತ್ತು, ಸುಳ್ಳಲ್ಲ. ಆದರೆ ಬರಿಗೈ ಜಂಬವಲ್ಲ. ಮೆಂತ್ಯ, ಒಣಶುಂಠಿ, ಓಮ, ಜೀರಿಗೆ, ಹಿಪ್ಪಲಿಯನ್ನು ಬೇರೆ ಬೇರೆ ಹದಕ್ಕೆ ಹುರಿದು ಅವಳು ಕುಟ್ಟುವ ಬಾಣಂತಿ ಪುಡಿಯ ವಾಸನೆ ಬೀದಿಯ ಕೊನೆಗೂ ಬರುತ್ತಿತ್ತು. ಹಳೆ ಅಕ್ಕಿಯ ಅನ್ನ, ಅದಕ್ಕೆ ಬೆಳ್ಳುಳ್ಳಿ ಮೆಣಸಿನ ಸಾರು, ಮೇಲೆ ಧಾರಾಳವಾಗಿ ತುಪ್ಪ. ಅಂಟು, ಉತ್ತುತ್ತೆ, ಕೊಬ್ಬರಿ, ಬೆಲ್ಲ ಸೇರಿಸಿ ಕಟ್ಟಿದ ಉಂಡೆ. ಮೈಗೆ ಬೆಚ್ಚಗಿನ ಹರಳೆಣ್ಣೆ ತಿಕ್ಕಿ ಸುಡುಸುಡು ನೀರು ಹುಯ್ಯುವುದು, ಮುಖಕ್ಕೆ ಕಡಲೆಹಿಟ್ಟು ಕಸ್ತೂರಿ ಅರಿಶಿನವನ್ನು ಹಾಲಿನ ಕೆನೆಯಲ್ಲಿ ಕಲಸಿ ಹಚ್ಚುವುದು, ತೊಳೆದ ಕೂದಲಿಗೆ ಸಾಂಬ್ರಾಣಿ ಹೊಗೆ, ಹೊಟ್ಟೆಗೆ ಹಳೆಯ ನೂಲಿನ ಸೀರೆಯ ಬಿಗಿ ಸುತ್ತು. ಅವಳ ಕೈಯಲ್ಲಿ ಬಾಣಂತನ ಮಾಡಿಸಿಕೊಂಡವಳು ಮದುಮಗಳ ಹಾಗೆ ಗಂಡನ ಮನೆಗೆ ಹೋಗುತ್ತಾಳೆ ಎಂದು ಊರು ಆಡಿಕೊಳ್ಳುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ನೀರಿನದು. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತೆ, ಮೈಗೆ ನಂಜು ಏರುತ್ತೆ, ಕೂಸಿಗೆ ಶೀತ ಹಿಡಿಯುತ್ತೆ. ಜೀರಿಗೆ ಹಾಕಿ ಕಾಯಿಸಿದ ನೀರು ಹೊತ್ತಾರೆ ಒಂದು ಸಣ್ಣ ಬಟ್ಟಲು, ಸಂಜೆ ಒಂದು ಸಣ್ಣ ಬಟ್ಟಲು. ಮಿಕ್ಕವರ ಮನೆಗಳಲ್ಲಿ ಅತ್ತೆ ಕಣ್ಣು ತಪ್ಪಿಸಿ ಅಕ್ಕನೋ ನಾದಿನಿಯೋ ಒಂದು ಲೋಟ ಕೊಟ್ಟುಬಿಡುತ್ತಿದ್ದರು, ಕಟ್ಟಳೆ ಹೀಗೆ ಕಳ್ಳದಾರಿಯಲ್ಲಿ ಸಡಿಲವಾಗುತ್ತಿತ್ತು. ಸುಮಿತ್ರಮ್ಮನ ಮನೆಯಲ್ಲಿ ಅವಳ ಕಣ್ಣು ತಪ್ಪಿಸುವವರು ಯಾರೂ ಇರಲಿಲ್ಲ.

ಇಷ್ಟೆಲ್ಲ ಬಲ್ಲವಳಿಗೆ ಶಿವ ಕೊಟ್ಟದ್ದು ಒಬ್ಬಳೇ ಮಗಳು, ವಿಶಾಲಮ್ಮ. ಕಪ್ಪು, ಸಣಕಲು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಸುಮಿತ್ರಮ್ಮನಿಗೆ ಆ ಭಾಗ್ಯವೂ ಇರಲಿಲ್ಲ. ಮಗಳನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸುತ್ತಿದ್ದಳು, ಆದರೆ ಪ್ರೀತಿಸುವ ಕಣ್ಣಿಗೇ ಅವಳ ಬಣ್ಣವೂ ಕತ್ತಿನ ಮೂಳೆಯೂ ದಿನಾ ಕಾಣುತ್ತಿದ್ದವು.

ಹಳೇಬೀಡಿನಲ್ಲಿ ಜವಳಿ ಅಂಗಡಿ ಇಟ್ಟಿದ್ದ ಇಂದುಧರನಿಗೆ ಅವಳನ್ನು ಕೊಟ್ಟಿದ್ದರು. ಹುಡುಗ ಬೆಳ್ಳಗೆ, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಅವನ ತಾಯಿ ಶಾಂತಾದೇವಿಯೇ ಆಡುತ್ತಿದ್ದಳು. ಗುಡಿಯ ಗೋಡೆಯ ಮೇಲಿನ ಹೆಂಗಸರ ಹಾಗೆ ಸೊಸೆ ಇರಬೇಕೆಂಬುದು ಅವಳ ಆಸೆ. ಆ ಗೋಡೆಯ ಹೆಂಗಸರೂ ಕಪ್ಪೇ ಅನ್ನುವುದು ಅದೇ ಊರಲ್ಲಿ ಬಾಳಿದ ಪುಣ್ಯಾತ್ಗಿತ್ತಿಗೆ ಒಂದು ದಿನವೂ ಹೊಳೆದಿರಲಿಲ್ಲ.

ಸೀಮಂತಕ್ಕೆ ಬಂದಾಗ ಶಾಂತಾದೇವಿ ಎಲ್ಲರ ಮುಂದೆ ನಗುತ್ತಲೇ ಹೇಳಿದಳು. "ಬೀಗರೇ, ನಿಮ್ಮ ಕೈ ಬಾಣಂತನ ಅಂದ್ರೆ ಸುತ್ತೇಳು ಊರಲ್ಲಿ ಹೆಸರೈತಂತೆ. ಮಗಳನ್ನ ಹೆಂಗೆ ಕಳಿಸ್ತೀರೋ ನಾವೂ ನೋಡ್ತೀವಿ. ಇವಳು ಹಿಂಗೇ ಒಣಗಿದ ಕಡ್ಡಿಯಂಗೆ ಬಂದ್ರೆ, ನನ್ನ ತಮ್ಮನ ಮಗಳು ಇನ್ನೂ ಮನೇಲೇ ಅವ್ಳೆ ನೋಡಿ."

ಹೆಂಗಸರೆಲ್ಲ ನಕ್ಕರು. ಸುಮಿತ್ರಮ್ಮನೂ ನಕ್ಕಳು. ಆದರೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ನಿಂತಿತು ಎಂದರೆ ಆ ಲಿಂಗವಂತರ ಮನೆಯಲ್ಲಿ ಅಪಚಾರವಾದೀತು. ನಿಂತಿದ್ದಂತೂ ಹೌದು. ಎರಡನೇ ಹೆಂಡತಿ ತಂದವರು ಆ ಕಾಲದಲ್ಲಿ ಊರಿಗೆ ನಾಲ್ಕು ಮಂದಿ ಇದ್ದರು, ತಂದು ಮೊದಲನೆಯವಳನ್ನು ಅಡುಗೆಮನೆಗೆ ದೂಡಿದವರೂ ಇದ್ದರು. ಮಗಳನ್ನು ಬೊಂಬೆ ಮಾಡಿ ಕಳಿಸುತ್ತೇನೆ, ಆ ಹೆಂಗಸಿನ ಬಾಯಿ ಮುಚ್ಚಿಸುತ್ತೇನೆ ಎಂದು ಸುಮಿತ್ರಮ್ಮ ಅವತ್ತೇ ಮನಸ್ಸಿನಲ್ಲಿ ಸೆರಗು ಬಿಗಿದಳು.

ಗಂಡು ಕೂಸು ಹುಟ್ಟಿತು. ಕೈಕಾಲು ಗುಂಡಗೆ, ತಲೆತುಂಬ ಕೂದಲು. ಅದೇ ದಿನಗಳಲ್ಲಿ ಹಿತ್ತಿಲ ಕೊಟ್ಟಿಗೆಯಲ್ಲಿ ಎಮ್ಮೆಯೂ ಈದಿತ್ತು. ಸುಮಿತ್ರಮ್ಮನಿಗೆ ಕೈಗೆ ಬಿಡುವಿಲ್ಲ. ಮಗಳಿಗೆ ಎರೆದು, ಹೊಗೆ ಹಾಕಿ, ಉಣ್ಣಿಸಿ, ಆಮೇಲೆ ಕೊಟ್ಟಿಗೆಗೆ ಹೋಗಿ ಎಮ್ಮೆಯ ಬಾನಿಗೆ ಕಲಗಚ್ಚು, ತೌಡು, ಹಿಂಡಿ ತಾನೇ ಕಲಸಿಡುತ್ತಿದ್ದಳು. ಎರೆಯಲು ಬರುತ್ತಿದ್ದ ಕೆಂಚಮ್ಮ "ಅಮ್ಮಾರೇ, ನಿಮಗೀಗ ಇಬ್ಬರು ಬಾಣಂತೀರು" ಎಂದರೆ ಹಿಗ್ಗಿ ನಗುತ್ತಿದ್ದಳು.

ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ, ಮುಚ್ಚಿದ ಕಿಟಕಿ, ತಲೆಗೆ ಕಟ್ಟಿದ ಬಟ್ಟೆ. ಒಣಶುಂಠಿ, ಮೆಣಸು, ಬೆಳ್ಳುಳ್ಳಿ ಒಳಗಿನಿಂದ ಕಾಯಿಸಿದರೆ ಕೆಂಡ ಹೊರಗಿನಿಂದ ಕಾಯಿಸುತ್ತಿತ್ತು. ವಿಶಾಲಿಗೆ ಕನಸಿನಲ್ಲೂ ನೀರೇ ಬರುತ್ತಿತ್ತು. ಹುಲಿಕೆರೆಯ ನೆಂಟರ ಮನೆಗೆ ಹೋದಾಗ ಕೊಳದ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೆನಲ್ಲ, ಅದು ಬಂತು ಎಂದು ತಾಯಿಗೆ ಹೇಳುವಳು. "ಬಾಣಂತಿಗೆ ಹಂಗೇ ಕಣೇ, ಮನಸ್ಸು ಬೇಡದ್ದನ್ನೇ ಕೇಳುತ್ತೆ" ಎಂದು ಸುಮಿತ್ರಮ್ಮ ಬಾಯಿಗೆ ಇನ್ನೊಂದು ಅಂಟಿನುಂಡೆ ಇಡುವಳು.

ಒಂದು ಬೆಳಿಗ್ಗೆ ಎಣ್ಣೆ ತಿಕ್ಕಿ ಮುಗಿದು ಕೆಂಚಮ್ಮ ಸೌದೆ ತರಲು ಹೊರಗೆ ಹೋಗಿದ್ದಳು. ಸುಮಿತ್ರಮ್ಮ ಸೀಗೆಪುಡಿಯ ಬಟ್ಟಲು ಹಿಡಿದು ಬಚ್ಚಲಿಗೆ ಬಂದರೆ ಮಗಳು ನೀರಿನ ಹಂಡೆಗೆ ಬಾಗಿ, ಬೊಗಸೆಯಲ್ಲಿ ಬಿಸಿನೀರು ಮೊಗೆದು, ಉಫ್ ಉಫ್ ಎಂದು ಆರಿಸಿಕೊಂಡು ಕುಡಿಯುತ್ತಿದ್ದಾಳೆ. ಗದ್ದದಿಂದ ಎಣ್ಣೆ ನೀರು ಎರಡೂ ಸುರಿಯುತ್ತಿವೆ.

"ಅಯ್ಯೋ ನನ್ನ ಹೊಟ್ಟೆ ಉರಿಸೋಕೆ ಹುಟ್ಟಿದೋಳೇ!" ಸುಮಿತ್ರಮ್ಮ ಬಟ್ಟಲು ಎಸೆದು ಕೈ ಹಿಡಿದೆಳೆದಳು.

"ಗಂಟಲು ಒಣಗಿ ಹೋಗೈತೆ ಕಣವ್ವ. ನಾಲಿಗೆ ಅಂಗುಳಕ್ಕೆ ಅಂಟ್ಕಳುತ್ತೆ. ಒಂದೇ ಒಂದು ಲೋಟ ಕೊಡವ್ವ, ನಿನ್ನ ದಮ್ಮಯ್ಯ."

ಸುಮಿತ್ರಮ್ಮ ಹೊಡೆಯಲಿಲ್ಲ. ಹೊಡೆದಿದ್ದರೆ ವಾಸಿಯಾಗಿತ್ತು. ಅವಳು ಬಚ್ಚಲ ಕಲ್ಲಿನ ಮೇಲೆ ಕುಕ್ಕರಿಸಿ ಅತ್ತುಬಿಟ್ಟಳು. "ನಿನಗೆ ಹೊಟ್ಟೆ ಜೋತು ಬಿದ್ದು, ಮೈ ಊದ್ಕೊಂಡು ಹೋದ್ರೆ ಆ ಮನೇಲಿ ಯಾರೇ ನಿನ್ನ ಹತ್ರ ಸೇರಿಸ್ತಾರೆ? ಅವಳ ತಮ್ಮನ ಮಗಳು ಬಂದು ಕೂತ್ಕೊಂಡ್ರೆ ಈ ಕೂಸಿನ ಗತಿ ಏನೇ? ನಿನ್ನ ಕಾಲಿಗೆ ಬೀಳ್ತೀನಿ ಮಗಳೇ." ಆಮೇಲೆ ಕಣ್ಣು ಒರೆಸಿಕೊಂಡು, ಮಗಳನ್ನು ಕೋಣೆಗೆ ಕರೆದುಕೊಂಡು ಹೋಗಿ, ತೊಟ್ಟಿಲ ಮುಂದೆ ನಿಲ್ಲಿಸಿದಳು. "ಕೂಸಿನ ತಲೆ ಮುಟ್ಟಿ ಹೇಳು. ಬಾಣಂತನ ಮುಗಿಯೋ ಗಂಟ ಆ ಎರಡು ಬಟ್ಟಲು ಬಿಟ್ಟು ಒಂದು ಹನಿ ಮುಟ್ಟಲ್ಲ ಅಂತ."

ವಿಶಾಲಿ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಕೂಸಿನ ನೆತ್ತಿಯ ಮೇಲಿಟ್ಟಳು. "ಮುಟ್ಟಲ್ಲ" ಎಂದಳು. ಮುಟ್ಟಲಿಲ್ಲ.

ಸುಮಿತ್ರಮ್ಮನ ವಿದ್ಯೆ ಫಲ ಕೊಡತೊಡಗಿತು. ವಿಶಾಲಿಯ ಕೆನ್ನೆಗೆ ನುಣುಪು ಬಂತು. ಬಿಸಿಲು ಕಾಣದ ಚರ್ಮ ತಿಳಿಯಾಯಿತು. ಕೂದಲು ಕರ್ರಗೆ ಹೊಳೆಯತೊಡಗಿತು, ಹೊಟ್ಟೆ ಕನ್ನೆಯ ಹೊಟ್ಟೆಯಂತೆ ಒಳಸೇರಿತು. ಬೀದಿಯ ಹೆಂಗಸರು ಕೂಸು ನೋಡುವ ನೆವದಲ್ಲಿ ಬಂದು ಬಾಣಂತಿಯನ್ನು ನೋಡಿ ಹೋಗುತ್ತಿದ್ದರು. "ಇವಳು ನಮ್ಮ ವಿಶಾಲೀನೇನ್ರೀ!" ಎಂದು ಗಲ್ಲಕ್ಕೆ ಬೆರಳಿಡುತ್ತಿದ್ದರು. ಆ ಬೆರಳುಗಳನ್ನು ನೋಡುವಾಗ ಸುಮಿತ್ರಮ್ಮನಿಗೆ ಹಳೇಬೀಡಿನ ಒಂದು ಮುಖ ಮಾತ್ರ ಕಣ್ಣ ಮುಂದೆ ಬರುತ್ತಿತ್ತು.

ಕೂಸು ಮಾತ್ರ ಅಳುತ್ತಿತ್ತು. ಮೊಲೆಗೆ ಹಾಕಿದರೆ ನಾಲ್ಕು ಗುಟುಕು ಎಳೆದು ಬಿಟ್ಟು ಅಳುವುದು, ಮತ್ತೆ ಎಳೆಯುವುದು, ಮತ್ತೆ ಅಳುವುದು. ಹಾಲು ಹೆಚ್ಚಲಿ ಎಂದು ಸುಮಿತ್ರಮ್ಮ ಸಬ್ಬಸಿಗೆ ಸೊಪ್ಪು ಹುರಿದು ಹಾಕಿದಳು, ಬೆಳ್ಳುಳ್ಳಿಯನ್ನು ತುಪ್ಪದಲ್ಲಿ ಕರಿದು ತಿನ್ನಿಸಿದಳು, ಕೊಬ್ಬರಿ ಉಂಡೆ ಜಾಸ್ತಿ ಮಾಡಿದಳು. ಒಣಗಿದ ಬಾಯಿಗೆ ಒಣಗಿದ್ದನ್ನೇ ತುರುಕಿದಳು. ಎಲ್ಲ ಮಾಡಿದಳು ಮಹಾತಾಯಿ, ಒಂದನ್ನು ಬಿಟ್ಟು.

"ಕೂಸು ಯಾಕೋ ಇಳೀತಾ ಐತೆ ಕಣೇ. ಆಸ್ಪತ್ರೆ ಡಾಕ್ಟರಿಗೆ ತೋರ್ಸಾನ" ಎಂದರು ಚನ್ನಬಸವಯ್ಯ ಒಂದು ದಿನ. ಮಂಡಿಯಲ್ಲಿ ಅವರ ಮಾತಿಗೆ ಲಾರಿ ಲಾರಿ ಕೊಬ್ಬರಿ ಕದಲುತ್ತಿತ್ತು, ಮನೆಯಲ್ಲಿ ಒಂದು ಬಟ್ಟಲೂ ಕದಲುತ್ತಿರಲಿಲ್ಲ.

"ನಿಮಗೇನು ಗೊತ್ತಾಗುತ್ತೆ? ದೃಷ್ಟಿ ಆಗೈತೆ. ಬರೋರೆಲ್ಲ ಒಳ್ಳೇ ಕಣ್ಣಿನೋರೇನು?" ಸುಮಿತ್ರಮ್ಮ ಮಠದಿಂದ ವಿಭೂತಿ ತರಿಸಿದಳು, ಉಪ್ಪು ಮೆಣಸಿನಕಾಯಿ ನಿವಾಳಿಸಿದಳು, ಕಪ್ಪು ದಾರ ಕಟ್ಟಿದಳು.

"ಎಮ್ಮೆ ಹಾಲಾದ್ರೂ ಒಂದಿಷ್ಟು ಕುಡಿಸವ್ವ" ಎಂದಳು ವಿಶಾಲಿ.

"ಸುಮಿತ್ರಮ್ಮನ ಮಗಳಿಗೇ ಎದೆಹಾಲಿಲ್ಲ ಅಂತ ಊರು ನಗಬೇಕೇನೇ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ದಿನ ಕಳೆದಂತೆ ಕೂಸಿನ ಅಳು ಸಣ್ಣಗಾಯಿತು. ಆಮೇಲೆ ಅದು ಅಳುವುದನ್ನೇ ಬಿಟ್ಟಿತು. ನೋಡಲು ಬಂದವರು "ಎಷ್ಟು ಸಾಧು ಕೂಸು, ಇರೋದೇ ಗೊತ್ತಾಗಲ್ಲ" ಎಂದರು. ಸುಮಿತ್ರಮ್ಮ ಅದಕ್ಕೂ ಹಿಗ್ಗಿದಳು.

ಕೊನೆಗೆ ನೆತ್ತಿ ಕುಳಿಬಿದ್ದದ್ದನ್ನು ಕಂಡು ಅವಳಿಗೇ ಎದೆ ಝಲ್ಲೆಂದಿತು. ಎಮ್ಮೆ ಹಾಲಿಗೆ ನೀರು ಬೆರೆಸಿ ಕಾಯಿಸಿ ಒಳಲೆಯಲ್ಲಿ ಹಾಕಿದಳು. ಹಾಲು ಕಟವಾಯಿಯಿಂದ ಹೊರಗೆ ಬಂತು. ಚನ್ನಬಸವಯ್ಯನವರು ಡಾಕ್ಟರನ್ನು ಕರೆತರುವ ಹೊತ್ತಿಗೆ ನುಂಗುವ ಶಕ್ತಿಯೂ ಉಳಿದಿರಲಿಲ್ಲ. ಡಾಕ್ಟರು ಕೂಸಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು, ಅದು ಹಾಗೇ ನಿಂತಿತು. ಅವರು ಏನೂ ಬೈಯದೆ ಟೋಪಿ ಹಾಕಿಕೊಂಡು ಹೋದರು. ಆ ದಿನ ಮಧ್ಯಾಹ್ನ ಕೂಸು ಹೋಯಿತು. ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ. ತೆಂಗಿನ ತೋಟದ ಮೂಲೆಯಲ್ಲಿ ಮಣ್ಣು ಮಾಡಿದರು.

ತೋಟದಿಂದ ಗಂಡಸರು ಹಿಂತಿರುಗಿದ ಮೇಲೆ ಸುಮಿತ್ರಮ್ಮ ಕೋಣೆಗೆ ಬಂದಳು. ಅತ್ತು ಅತ್ತು ಮುಖ ಊದಿತ್ತು. ದುಃಖಕ್ಕೆ ಒಂದು ಕಾರಣ ಬೇಕಾಗುತ್ತದೆ, ಆ ಕಾರಣ ತಾನಲ್ಲದಿದ್ದರೆ ಸಾಕಾಗುತ್ತದೆ. ಅವಳು ಮಗಳ ಮುಂದೆ ಕೂತು ಮೆಲ್ಲಗೆ ಕೇಳಿದಳು. "ನಿಜ ಹೇಳು ವಿಶಾಲಿ. ಕದ್ದು ನೀರು ಕುಡಿದ್ಯಾ? ತಲೆ ಮುಟ್ಟಿ ಆಣೆ ಹಾಕಿದ್ದೆ."

ವಿಶಾಲಿ ತಾಯಿಯನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ಬರಲಿಲ್ಲ, ಬರುವುದಕ್ಕೆ ಮೈಯಲ್ಲಿ ಇದ್ದರಲ್ಲವೇ. "ಒಂದು ಹನೀನೂ ಮುಟ್ಟಿಲ್ಲ ಕಣವ್ವ. ಕೂಸಿನ ಮೇಲಿನ ಆಣೆ, ಹೆಂಗೆ ಮುರೀಲಿ?"

ಸುಮಿತ್ರಮ್ಮ ನಂಬಿದಳೋ ಇಲ್ಲವೋ. ತಲೆಯಾಡಿಸಿ ಎದ್ದು ಹೋದಳು. ಮಾರನೆಯ ದಿನ ಮತ್ತೆ ಹರಳೆಣ್ಣೆ ಬಿಸಿ ಮಾಡಿದಳು. ಕೂಸು ಹೋಯಿತೆಂದು ಬಾಣಂತನ ಬಿಡಲಾಗುತ್ತದೆಯೇ? ಕೂಸೂ ಇಲ್ಲ, ರೂಪವೂ ಇಲ್ಲ ಅಂದರೆ ಹಳೇಬೀಡಿನವರಿಗೆ ಇನ್ನೊಂದು ಮದುವೆಗೆ ಮುಹೂರ್ತ ಹುಡುಕುವುದೊಂದೇ ಬಾಕಿ. ಹಾಗಂದುಕೊಂಡೇ ಅವಳು ಅಳುತ್ತ ಎಣ್ಣೆ ತಿಕ್ಕಿದಳು, ಅಳುತ್ತ ಹೊಟ್ಟೆ ಬಿಗಿದಳು. ವಿಶಾಲಿ ಮರದ ಬೊಂಬೆಯ ಹಾಗೆ ತಿರುಗಿಸಿದ ಕಡೆಗೆ ತಿರುಗುತ್ತಿದ್ದಳು.

ಹೀಗಿರುವಾಗ ದನ ನೋಡಿಕೊಳ್ಳುವ ಕಾಳಯ್ಯ ಒಂದು ಬೆಳಿಗ್ಗೆ ಹಾಲಿನ ತಂಬಿಗೆ ತಂದಿಟ್ಟ. ತಳ ಮುಚ್ಚುವಷ್ಟು ಹಾಲು. ಮನೆಯವರು ಸಾವಿನ ದುಃಖದಲ್ಲಿ ಕೊಟ್ಟಿಗೆಯ ಕಡೆ ಬಂದಿರಲಿಲ್ಲ, ಅವನು ಹಿಂದಿನ ದಿನ ಎಮ್ಮೆಯ ಬಾನಿಗೆ ನೀರು ಹಾಕುವುದನ್ನು ಮರೆತಿದ್ದ. ಸುಮಿತ್ರಮ್ಮ ಕೊಟ್ಟಿಗೆಗೆ ಹೋಗಿ ನೋಡಿದರೆ ಬಾನಿ ಒಣಗಿದೆ, ಎಮ್ಮೆ ನಾಲಿಗೆ ಚಾಚಿ ಅದರ ತಳ ನೆಕ್ಕುತ್ತಿದೆ, ಕರು ಬರಿ ಕೆಚ್ಚಲನ್ನು ಗುದ್ದಿ ಗುದ್ದಿ ಎಳೆಯುತ್ತಿದೆ. ಎಷ್ಟೋ ದಿನದ ಸಂಕಟವೆಲ್ಲ ಅವಳ ಬಾಯಿಗೆ ಬಂತು.

"ಏನೋ ಕಾಳ, ನಿನಗೆ ಹೊಟ್ಟೇಲಿ ಕರುಳಿಲ್ವೇನೋ? ಈದ ಮೈ ಕಣೋ ಅದು! ಬಾಯಿಗೆ ನೀರು ತೋರಿಸ್ದೆ ಹಾಲು ಕೊಡು ಹಾಲು ಕೊಡು ಅಂದ್ರೆ ಎಲ್ಲಿಂದ ಕೊಡುತ್ತೋ? ಮೂಕ ಪ್ರಾಣಿ, ಕೇಳೋಕೆ ಬಾಯಿಲ್ಲ ಅಂತ ಸಾಯಿಸ್ತೀಯಾ? ಕರು ಸತ್ರೆ ಯಾರೋ ಹೊಣೆ?"

ಹೇಳಿ ತಿರುಗಿದಳು. ಹಿತ್ತಿಲ ಬಾಗಿಲಲ್ಲಿ ವಿಶಾಲಿ ನಿಂತಿದ್ದಳು. ತಲೆಗೆ ನೀರು ಹುಯ್ದುಕೊಂಡು ಸಾಂಬ್ರಾಣಿ ಹೊಗೆಗೆಂದು ಕೂದಲು ಬಿಚ್ಚಿದ್ದಳು. ಮುಖಕ್ಕೆ ಹಚ್ಚಿದ ಕಡಲೆಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಅವಳು ತಾಯಿಯನ್ನು ನೋಡಲಿಲ್ಲ, ಎಮ್ಮೆಯನ್ನೇ ನೋಡುತ್ತಿದ್ದಳು. ಕಾಳಯ್ಯ ಏನೂ ಅರಿಯದೆ ಕೊಡ ತಂದು ಬಾನಿಗೆ ಸುರಿದ. ಎಮ್ಮೆ ಮೂತಿ ಮುಳುಗಿಸಿ ಕುಡಿಯುವ ಸದ್ದು ಹಿತ್ತಿಲ ತುಂಬ ಕೇಳಿತು. ಎಷ್ಟು ಹೊತ್ತು ಕುಡಿಯಿತೋ. ಸುಮಿತ್ರಮ್ಮನಿಗೆ ಮಾತ್ರ ಆ ಸದ್ದು ಮುಗಿಯಲೇ ಇಲ್ಲ.

ತನ್ನ ಬಾಯಿಂದಲೇ ಬಂದ ಮಾತು. ಬೇರೆ ಯಾರಾದರೂ ಅಂದಿದ್ದರೆ ಜಗಳವಾಡಿ ಗೆಲ್ಲಬಹುದಾಗಿತ್ತು. ಅವಳು ಕೊಟ್ಟಿಗೆಯ ಕಂಬ ಹಿಡಿದುಕೊಂಡು ನಿಂತಳು. ಎಮ್ಮೆಯ ವಿಚಾರ ಅವಳಿಗೆ ಬುದ್ಧಿ ಬಂದಾಗಿನಿಂದ ಗೊತ್ತಿತ್ತು. ಮಗಳ ವಿಚಾರ ಅದಕ್ಕಿಂತ ಚೆನ್ನಾಗಿ ಗೊತ್ತಿದೆ ಅಂದುಕೊಂಡಿದ್ದಳು.

ಅವತ್ತು ಸಂಜೆ ಅವಳು ದೊಡ್ಡ ತಾಮ್ರದ ಚೊಂಬಿನ ತುಂಬ ನೀರು ತಂದು ಮಗಳ ಹಾಸಿಗೆಯ ಪಕ್ಕ ಇಟ್ಟಳು. "ಕುಡಿ ಮಗಳೇ" ಎಂದಳು.

ವಿಶಾಲಿ ಚೊಂಬನ್ನು ನೋಡಿ ಗೋಡೆಯ ಕಡೆ ತಿರುಗಿಕೊಂಡಳು. "ಆಣೆ ಹಾಕಿಸ್ದೋಳು ನೀನೇ ಅಲ್ವೇನವ್ವ. ಮುಟ್ಟಿದ ತಲೆ ಹೋಯ್ತು. ಆಣೆ ಹಂಗೇ ಐತೆ."

ಬೆಳಿಗ್ಗೆ ನೋಡಿದರೆ ಚೊಂಬು ಇಟ್ಟ ಹಾಗೇ ಇತ್ತು. ಮೊದಲಿನ ಎರಡು ಸಣ್ಣ ಬಟ್ಟಲ ಮೇಲೆ ಅವಳು ಒಂದು ಗುಟುಕೂ ತೆಗೆದುಕೊಳ್ಳಲಿಲ್ಲ. ಸುಮಿತ್ರಮ್ಮ ಬೇಡಿಕೊಂಡಳು, ಗದರಿದಳು, ಉಪವಾಸ ಕೂತಳು. ಹಟ ಹಿಡಿಯುವುದು ಆ ಮನೆಯಲ್ಲಿ ಮಗಳಿಗೆ ಯಾರಿಂದ ಬಂತೆಂದು ಕೇಳಬೇಕಾಗಿರಲಿಲ್ಲ.

ಬಾಣಂತನ ಮುಗಿದ ಮೇಲೆ ಶಾಂತಾದೇವಿ ಮಗನ ಜೊತೆ ಸೊಸೆಯನ್ನು ಕರೆದೊಯ್ಯಲು ಬಂದಳು. ಬಂದವಳು ನಡುಮನೆಯಲ್ಲಿ ಸ್ವಲ್ಪ ಅತ್ತಳು, ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಅಷ್ಟರಲ್ಲಿ ವಿಶಾಲಿ ಹಸಿರು ಸೀರೆ ಉಟ್ಟು ಒಳಗಿನಿಂದ ಬಂದಳು. ಶಾಂತಾದೇವಿಯ ಅಳು ಅಲ್ಲಿಗೇ ನಿಂತಿತು. ಸೊಸೆಯನ್ನು ಹಿಂದಿನಿಂದ ನೋಡಿದಳು, ಮುಂದಿನಿಂದ ನೋಡಿದಳು, ಜಡೆಯನ್ನು ಕೈಯಲ್ಲಿ ಎತ್ತಿ ತೂಗಿದಳು. ಇಂದುಧರ ಒಂದು ಸಲ ತಲೆಯೆತ್ತಿ ಮತ್ತೆ ತಗ್ಗಿಸಿದ, ಅವನ ಕಿವಿ ಕೆಂಪಾಗಿತ್ತು.

"ಬೀಗರೇ, ನಿಮ್ಮ ಕೈಗೆ ಬಂಗಾರದ ಬಳೆ ಹಾಕಬೇಕು ಕಣ್ರೀ!" ಎಂದಳು ಶಾಂತಾದೇವಿ. "ಹೆತ್ತ ಮೈ ಅಂತ ಯಾರಾದ್ರೂ ಅಂತಾರಾ? ಕೂಸಿನ ಋಣ ಅಷ್ಟೇ ಇತ್ತು, ವಯಸ್ಸೇನು ಹೋಗೈತೆ, ಇನ್ನೊಂದಾಗುತ್ತೆ. ನನ್ನ ಮಗಳು ಸಾವಿತ್ರಮ್ಮ ಈಗ ತುಂಬಿದ ಬಸುರಿ. ಅವಳ ಬಾಣಂತನ ನಿಮ್ಮ ಕೈಲೇ ಆಗಬೇಕು. ನೀವು ಇಲ್ಲ ಅನ್ನಬಾರದು."

ಈ ಮಾತು ಕೇಳಬೇಕೆಂದೇ ಸುಮಿತ್ರಮ್ಮ ಇಷ್ಟೆಲ್ಲ ಮಾಡಿದ್ದಳು. ಆ ಬಾಯಿಂದಲೇ, ಆ ದನಿಯಲ್ಲೇ. ಈಗ ಬಂದಾಗ ಅವಳು ಮಗಳ ಕಡೆ ನೋಡಿದಳು.

ವಿಶಾಲಿ ಅಡುಗೆಮನೆಗೆ ಹೋದಳು. ಗುಡಾಣದಿಂದ ಚೊಂಬಿಗೆ ನೀರು ತುಂಬಿಕೊಂಡು ನಡುಮನೆಗೇ ಬಂದು, ಅತ್ತೆ, ಗಂಡ, ಅಪ್ಪ, ಅವ್ವ ಎಲ್ಲರ ಮುಂದೆ ನಿಂತು, ತಲೆ ಹಿಂದಕ್ಕೆ ಬಾಗಿಸಿ ಎತ್ತಿಕೊಂಡು ಕುಡಿದಳು. ನಿಲ್ಲಿಸಲಿಲ್ಲ. ನೀರು ಕತ್ತಿನ ಮೇಲೆ, ಹೊಸ ಕುಬಸದ ಮೇಲೆ ಸುರಿಯಿತು. ಚೊಂಬು ಬರಿದಾಯಿತು. ಅವಳು ಬಾಯಿ ಒರೆಸಿಕೊಂಡು ಬರಿ ಚೊಂಬನ್ನು ತಾಯಿಯ ಕೈಗೆ ಕೊಟ್ಟಳು.

"ಬಾಣಂತನ ಮುಗೀತು, ಆಣೆನೂ ತೀರ್ತು. ಈ ಮನೆ ಹೊಸ್ತಿಲ ಒಳಗೆ ಇದೇ ಕೊನೆ ಕಣವ್ವ, ಇನ್ನು ನನ್ನ ನೀರು ಅತ್ತೆ ಮನೇಲಿ" ಎಂದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು. "ಕರೆಸಿ ಅತ್ತೆ, ನಮ್ಮವ್ವ ಎಲ್ಲಾನೂ ಚೆನ್ನಾಗಿ ಮಾಡ್ತಾಳೆ. ಅಡುಗೆ, ಎಣ್ಣೆ, ಹೊಗೆ, ಎಲ್ಲಾನೂ. ಸಾವಿತ್ರಮ್ಮಂಗೆ ನೀರು ಮಾತ್ರ ನಾನು ಕೊಡ್ತೀನಿ."

ಶಾಂತಾದೇವಿಗೆ ಅರ್ಥವಾಗಲಿಲ್ಲ. ತಿಳಿಯದಿದ್ದರೂ ನಕ್ಕಳು. ಚನ್ನಬಸವಯ್ಯನವರು ಮುಖ ಗೋಡೆಗೆ ತಿರುಗಿಸಿಕೊಂಡರು. ಹೊರಗೆ ಜಟಕಾದವನು ಹಳೇಬೀಡಿನ ಮೋಟಾರಿಗೆ ಹೊತ್ತಾಯಿತೆಂದು ಕೂಗಿದ. ವಿಶಾಲಿ ತಾಯಿಯ ಕಾಲು ಮುಟ್ಟಿ ನಮಸ್ಕಾರ ಮಾಡಿ ಗಾಡಿ ಹತ್ತಿದಳು. ಸ್ಟೇಷನ್ ರಸ್ತೆಯ ತಿರುವಿನಲ್ಲಿ ಗಾಡಿ ಮರೆಯಾಗುವವರೆಗೂ ಅವಳು ಹಿಂದೆ ತಿರುಗಿ ನೋಡಲಿಲ್ಲ.

ಸುಮಿತ್ರಮ್ಮ ಚೊಂಬು ಹಿಡಿದುಕೊಂಡೇ ಒಳಗೆ ಬಂದಳು. ಕೆಂಚಮ್ಮ ಬಾಣಂತಿ ಕೋಣೆ ಗುಡಿಸುತ್ತಿದ್ದಳು. ಜಾಡಿಯ ಮುಚ್ಚಳ ತೆಗೆದು ನೋಡಿ, "ಅಮ್ಮಾರೇ, ಪುಡಿ ಇನ್ನೂ ಅರ್ಧ ಜಾಡಿ ಐತೆ. ಆ ಸಾವಿತ್ರಮ್ಮಾರಿಗೆ ಎತ್ತಿಡ್ಲಾ?" ಎಂದು ಕೇಳಿದಳು.

"ಎಮ್ಮೆ ಬಾನಿಗೆ ಹಾಕು" ಎಂದಳು ಸುಮಿತ್ರಮ್ಮ.

ಆಮೇಲೆ ತಾನೇ ಬಾವಿಗೆ ಹೋಗಿ ಒಂದು ಕೊಡ ಸೇದಿ ಬಾನಿಗೆ ಸುರಿದಳು. ಬಾನಿ ಮೊದಲೇ ತುಂಬಿತ್ತು. ಅವಳು ಇನ್ನೊಂದು ಕೊಡ ತರಲು ಹೋದಳು.